ಸಂಶೋಧಕರಿಗೆ ಬೇಕಿರುವುದು ಕ್ರಿಯಾಪದಗಳ ಪಟ್ಟಿಯಲ್ಲ

ಯಾವ ದಿನದ ಕನ್ನಡ ಪತ್ರಿಕೆಯ ರಾಜಕೀಯ ಪುಟ ತೆರೆದರೂ ಒಂದು ಪುಟ್ಟ ಪದ ಬಿಡುವಿಲ್ಲದೆ ದುಡಿಯುತ್ತಿರುವುದು ಕಾಣುತ್ತದೆ. ಸಚಿವರು ಏನೋ ‘ಎಂದು ಹೇಳಿದರು’. ವಿರೋಧ ಪಕ್ಷದ ನಾಯಕರು ‘ಎಂದು ಟೀಕಿಸಿದರು’, ಅವರ ಶಾಸಕರು ‘ಎಂದು ಆರೋಪಿಸಿದರು’, ರೈತ ಸಂಘದವರು ‘ಎಂದು ಒತ್ತಾಯಿಸಿದರು’. ಉಳಿದವರು ‘ಎಂದು ಕುಟುಕಿದರು’, ‘ಎಂದು ಲೇವಡಿ ಮಾಡಿದರು’, ‘ಎಂದು ಗುಡುಗಿದರು’. ಟಿಕೆಟ್ ಕೈತಪ್ಪಿದವರು ‘ಎಂದು ಕಣ್ಣೀರು ಹಾಕಿದರು’. ಈ ಕೊನೆಯದರಲ್ಲಿ ಹೇಳುವ ಕ್ರಿಯೆಯೇ ಇಲ್ಲ, ಆದರೂ ವಾಕ್ಯಕ್ಕೆ ಕುಂದಿಲ್ಲ. ಕನ್ನಡದ ‘ಎಂದು’ ಒಂದು ಅನ್ನಛತ್ರ; ಯಾವ ಕ್ರಿಯಾಪದ ಬಂದರೂ ಎಲೆ ಹಾಕಿ ಕೂರಿಸುತ್ತದೆ.

ಇಂಗ್ಲಿಷಿನಲ್ಲಿ ಈ ಔದಾರ್ಯ ಇಲ್ಲ. ಬೇರೆಯವರ ಮಾತನ್ನು ದಾಟಿಸುವ ಪ್ರತಿ ಕ್ರಿಯಾಪದಕ್ಕೂ ಅಲ್ಲಿ ತನ್ನ ನಂತರ ಏನು ಬರಬೇಕು, ಏನು ಬರಕೂಡದು ಎಂಬ ಕಟ್ಟುಪಾಡಿದೆ. ಇಂಗ್ಲಿಷ್ ಅಧ್ಯಾಪಕರು ಇವನ್ನು ರಿಪೋರ್ಟಿಂಗ್ ವರ್ಬ್‌ಗಳು ಎನ್ನುತ್ತಾರೆ. ಪಿಎಚ್‌ಡಿ ಪ್ರಬಂಧದ ಲಿಟರೇಚರ್ ರಿವ್ಯೂ ಅಧ್ಯಾಯ, ಅಂದರೆ ಹಿಂದಿನವರು ಏನೇನು ಹೇಳಿದ್ದಾರೆ ಎಂಬುದರ ಸಮೀಕ್ಷೆ, ನಿಂತಿರುವುದೇ ಇವುಗಳ ಮೇಲೆ. ಕನ್ನಡ ಮಾಧ್ಯಮದಲ್ಲಿ ಓದಿ, ಎಂ.ಎ., ಎಂ.ಎಸ್ಸಿ. ದಾಟಿ, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಕೂತವರು ಮುಗ್ಗರಿಸುವುದೂ ಅಲ್ಲಿಯೇ. ಅವರಿಗೆ ಸಿಗುತ್ತಿರುವ ಮದ್ದು ಮಾತ್ರ ಬೇರೆ ಯಾವುದೋ ಕಾಯಿಲೆಯದ್ದು.

ಮುಗ್ಗರಿಸುವುದು ಹೇಗೆ ಎಂಬುದಕ್ಕೊಂದು ಉದಾಹರಣೆ: ಪಶ್ಚಿಮ ಘಟ್ಟದ ಕುರಿತು ಸಂಶೋಧನೆ ಮಾಡುವವರು ಮುಟ್ಟದೆ ಹೋಗಲಾಗದ ಎರಡು ವರದಿಗಳಿವೆ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಕೊಟ್ಟ ವರದಿ ಇಡೀ ಘಟ್ಟವನ್ನೇ ಪರಿಸರ ಸೂಕ್ಷ್ಮ ಪ್ರದೇಶವಾಗಿ ಪರಿಗಣಿಸಬೇಕೆಂದಿತು. ಕೆ. ಕಸ್ತೂರಿರಂಗನ್ ಸಮಿತಿಯ 2013ರ ವರದಿ ಅದನ್ನು ಸುಮಾರು ಶೇ 37ಕ್ಕೆ ಇಳಿಸಿತು. ಕರ್ನಾಟಕದಲ್ಲಿ ಅಧಿಕಾರಕ್ಕೆ ಯಾವ ಪಕ್ಷ ಬಂದರೂ ಇದಕ್ಕೂ ಒಪ್ಪಿಗೆ ಸಿಗಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮತ್ತೊಮ್ಮೆ ತಿರಸ್ಕರಿಸಿತು. ಮಲೆನಾಡಿನ ಜನಪ್ರತಿನಿಧಿಗಳು ‘ವರದಿ ಅವೈಜ್ಞಾನಿಕ ಎಂದು ಟೀಕಿಸಿದರು’ ಎಂಬ ವಾಕ್ಯವನ್ನು ಪತ್ರಿಕೆ ಓದುವವರೆಲ್ಲ ಓದಿಯೇ ಇರುತ್ತಾರೆ.

ಈಗ ಇದೇ ವಾಕ್ಯ ಪ್ರಬಂಧದೊಳಗೆ ಇಂಗ್ಲಿಷಿನಲ್ಲಿ ಬರಬೇಕು. ‘ಎಂದು’ ಇದ್ದ ಜಾಗದಲ್ಲಿ ‘ದಟ್’ ಬಂದು ಕೂರುತ್ತದೆ: ‘ದೇ ಕ್ರಿಟಿಸೈಸ್ಡ್ ದಟ್ ದ ರಿಪೋರ್ಟ್ ವಾಸ್ ಅನ್‌ಸೈಂಟಿಫಿಕ್’. ಸಂಪಾದಕರ ಕೆಂಪು ಗೆರೆ ಬೀಳುವುದು ಅಲ್ಲಿ. ‘ಕ್ರಿಟಿಸೈಸ್’ ಆದ ಕೂಡಲೇ ಟೀಕೆಗೆ ಗುರಿಯಾದದ್ದು ಯಾವುದು ಎಂದು ಹೇಳಬೇಕು, ಕಾರಣ ಆಮೇಲೆ: ‘ಕ್ರಿಟಿಸೈಸ್ಡ್ ದ ರಿಪೋರ್ಟ್ ಆಸ್ ಅನ್‌ಸೈಂಟಿಫಿಕ್’ ಅಥವಾ ‘ಕ್ರಿಟಿಸೈಸ್ಡ್ ದ ರಿಪೋರ್ಟ್ ಫಾರ್ ಇಗ್ನೋರಿಂಗ್ ಫಾರ್ಮರ್ಸ್’. ಟೀಕೆಯ ಬದಲು ಆರೋಪವಾದರೆ ‘ಅಕ್ಯೂಸ್’ ಜೊತೆಗೆ ‘ಆಫ್’. ಬಣ್ಣಿಸಿದ್ದಾದರೆ ‘ಡಿಸ್ಕ್ರೈಬ್’ ಜೊತೆಗೆ ‘ಆಸ್’. ವಾದಿಸಿದ್ದಾದರೆ ಮಾತ್ರ ‘ಆರ್ಗ್ಯೂ’ ಜೊತೆಗೆ ‘ದಟ್’ ನಿರಾತಂಕವಾಗಿ ಬರುತ್ತದೆ. ಸಮಿತಿ ಶಿಫಾರಸು ಮಾಡಿತು ಎನ್ನುವಾಗ ‘ರೆಕಮೆಂಡ್’ ನಂತರ ‘ದಟ್’ ಬರಬಹುದು, ಆದರೆ ಅದರೊಳಗಿನ ಕ್ರಿಯಾಪದ ಕಾಲದ ಗುರುತನ್ನು ಬಿಟ್ಟುಕೊಡಬೇಕು: ‘ರೆಕಮೆಂಡೆಡ್ ದಟ್ ದ ಏರಿಯಾ ಬಿ ಪ್ರೊಟೆಕ್ಟೆಡ್’. ಬ್ರಿಟಿಷ್ ಬಳಕೆಯಲ್ಲಿ ನಡುವೆ ‘ಶುಡ್’ ಸೇರಿಸುವುದೂ ಉಂಟು. ಕನ್ನಡದಲ್ಲಿ ಐದೂ ಕಡೆ ಒಂದೇ ‘ಎಂದು’ ಸಾಲುತ್ತಿತ್ತು.

‘ಸಜೆಸ್ಟ್’ ಇವೆಲ್ಲಕ್ಕಿಂತ ತುಂಟ. ‘ಸಜೆಸ್ಟ್ ದಟ್’ ಸರಿ, ‘ಸಜೆಸ್ಟ್ ಎ ಮೆಥಡ್’ ಸರಿ, ‘ಸಜೆಸ್ಟ್ ಯೂಸಿಂಗ್ ಎ ಮೆಥಡ್’ ಕೂಡ ಸರಿ. ಯಾರಿಗೆ ಸೂಚಿಸಿದ್ದು ಎಂದು ಹೇಳಬೇಕಾದರೆ ‘ಟು’ ಬೇಕು: ‘ಸಜೆಸ್ಟೆಡ್ ಟು ದ ಗೌರ್ನಮೆಂಟ್ ದಟ್’. ಆದರೆ ‘ಸಜೆಸ್ಟೆಡ್ ದ ಗೌರ್ನಮೆಂಟ್ ಟು ಯೂಸ್’ ಎಂದರೆ ತಪ್ಪು. ಅದೇ ಜಾಗದಲ್ಲಿ ‘ಅಡ್ವೈಸ್ಡ್ ದ ಗೌರ್ನಮೆಂಟ್ ಟು ಯೂಸ್’ ಎಂದರೆ ಯಾರೂ ತಕರಾರು ಎತ್ತುವುದಿಲ್ಲ. ಸೂಚಿಸುವುದಕ್ಕೂ ಸಲಹೆ ಕೊಡುವುದಕ್ಕೂ ಅರ್ಥದಲ್ಲಿ ಕೂದಲೆಳೆಯ ವ್ಯತ್ಯಾಸ, ವಾಕ್ಯದ ಕಟ್ಟಿನಲ್ಲಿ ಅಜಗಜಾಂತರ. ಇನ್ನು ‘ಇನ್‌ಫಾರ್ಮ್’, ‘ರಿಮೈಂಡ್’, ‘ಕನ್ವಿನ್ಸ್’ಗಳದು ಬೇರೆಯೇ ಹಟ: ಯಾರಿಗೆ ಎಂಬುದನ್ನು ಹೇಳದೆ ಅವು ಮುಂದಕ್ಕೆ ಕದಲುವುದಿಲ್ಲ.

ಇದು ಕನ್ನಡಿಗರದ್ದೊಂದೇ ಪಾಡಲ್ಲ. ಜಪಾನಿ ಭಾಷೆಯಲ್ಲೂ ‘ತೊ’ ಎಂಬ ಪುಟ್ಟ ಪದ ನಮ್ಮ ‘ಎಂದು’ ಮಾಡುವ ಕೆಲಸವನ್ನೇ ಮಾಡುತ್ತದೆ. 1924ರಲ್ಲಿ ಇಂಗ್ಲಿಷ್ ಕಲಿಸಲು ಜಪಾನಿಗೆ ಹೋದ ಎ. ಎಸ್. ಹಾರ್ನ್‌ಬಿ ಅಲ್ಲಿನ ವಿದ್ಯಾರ್ಥಿಗಳ ತಪ್ಪುಗಳನ್ನು ಕಂಡು ತಲೆ ಕೆಡಿಸಿಕೊಂಡರು. ‘ಟೆಲ್ ಮಿ ದ ಮೀನಿಂಗ್’ ಸರಿಯಿದ್ದರೆ ‘ಎಕ್ಸ್‌ಪ್ಲೇನ್ ಮಿ ದ ಮೀನಿಂಗ್’ ಏಕೆ ತಪ್ಪು? ಕಲಿಯುವವನು ತರ್ಕಬದ್ಧವಾಗಿ ಯೋಚಿಸಿಯೇ ಎಡವುತ್ತಿದ್ದಾನೆ ಎಂಬುದು ಅವರಿಗೆ ಹೊಳೆಯಿತು. ಹಾಗಾಗಿ ಅವರ ನಿಘಂಟು ಕ್ರಿಯಾಪದದ ಅರ್ಥ ಹೇಳಿ ಕೈತೊಳೆದುಕೊಳ್ಳಲಿಲ್ಲ. ಅದರ ನಂತರ ಯಾವ ಬಗೆಯ ರಚನೆ ಬರುತ್ತದೆ ಎಂಬುದನ್ನೂ ಸಂಕೇತಗಳಲ್ಲಿ ನಮೂದಿಸಿತು. 1942ರಲ್ಲಿ ಜಪಾನಿನಲ್ಲಿ ಅಚ್ಚಾದ ಆ ನಿಘಂಟನ್ನು 1948ರಲ್ಲಿ ಆಕ್ಸ್‌ಫರ್ಡ್ ಹೊರತಂದಿತು. ಇಂದು ಕರ್ನಾಟಕದ ಕಾಲೇಜು ಗ್ರಂಥಾಲಯಗಳ ಕಪಾಟಿನಲ್ಲಿರುವ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಅದರದೇ ಸಂತತಿ. ವಿದ್ಯಾರ್ಥಿಗಳು ಅದರಲ್ಲಿ ಅರ್ಥ ನೋಡುತ್ತಾರೆ, ಪಕ್ಕದಲ್ಲೇ ಇರುವ ರಚನೆಯ ಸೂಚನೆಯನ್ನು ಹಾರಿಸಿ ಮುಂದೆ ಹೋಗುತ್ತಾರೆ. ಅದನ್ನು ನೋಡುವುದು ಹೇಗೆಂದು ತರಗತಿಯಲ್ಲಿ ಹೇಳಿಕೊಡುವವರು ಅಪರೂಪ.

1996ರಲ್ಲಿ ಗಿಲ್ ಫ್ರಾನ್ಸಿಸ್, ಸೂಸನ್ ಹನ್‌ಸ್ಟನ್, ಎಲಿಜಬೆತ್ ಮ್ಯಾನಿಂಗ್ ಸೇರಿ ಕೊಲಿನ್ಸ್ ಕೋಬಿಲ್ಡ್ ಮಾಲೆಯಲ್ಲಿ ತಂದ ಕ್ರಿಯಾಪದ ರಚನೆಗಳ ಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪ್ಯೂಟರಿನಲ್ಲಿ ಕಲೆಹಾಕಿದ ನಿಜವಾದ ಇಂಗ್ಲಿಷ್ ಬರವಣಿಗೆಯನ್ನು ಜಾಲಾಡಿದಾಗ ಒಂದೇ ರಚನೆ ಬಳಸುವ ಕ್ರಿಯಾಪದಗಳು ಅರ್ಥದಲ್ಲೂ ನೆಂಟರಾಗಿರುವುದು ಅವರಿಗೆ ಕಂಡಿತು. ‘ಆಸ್’ ಬೇಡುವ ‘ಡಿಸ್ಕ್ರೈಬ್’, ‘ರಿಗಾರ್ಡ್’, ‘ಐಡೆಂಟಿಫೈ’, ‘ಡಿಫೈನ್’ ಎಲ್ಲವೂ ಒಂದು ವಸ್ತುವಿಗೆ ಗುರುತು ಹಚ್ಚುವ ಕೆಲಸದವು. ಅಂದರೆ ಪ್ರತಿ ಕ್ರಿಯಾಪದವನ್ನೂ ಬೇರೆ ಬೇರೆಯಾಗಿ ಉರು ಹೊಡೆಯಬೇಕಾಗಿಲ್ಲ, ಗುಂಪಾಗಿ ಹಿಡಿಯಬಹುದು.

ನಮ್ಮಲ್ಲಿ ಇಂಗ್ಲಿಷ್ ಮೇಷ್ಟ್ರುಗಳ ಹೆಚ್ಚಿನ ಸಿಟ್ಟು ಖರ್ಚಾಗುವುದು ‘ಡಿಸ್ಕಸ್ಡ್ ಅಬೌಟ್’ ಮೇಲೆ. ‘ಬಗ್ಗೆ ಚರ್ಚಿಸಿದರು’ ಎನ್ನುವ ನಾಲಗೆಗೆ ‘ಅಬೌಟ್’ ತಾನಾಗಿ ಬರುತ್ತದೆ. ‘ಮೇಲೆ ಒತ್ತು ಕೊಟ್ಟರು’ ಎನ್ನುವವರಿಗೆ ‘ಎಂಫಸೈಸ್ಡ್ ಆನ್’ ಸಹಜ. ಇಂಗ್ಲಿಷ್ ತಾನೇ ‘ಡಿಸ್ಕಶನ್ ಅಬೌಟ್’, ‘ಎಂಫಸಿಸ್ ಆನ್’ ಎಂಬ ನಾಮಪದದ ರೂಪಗಳನ್ನು ಒಪ್ಪಿಕೊಂಡು ಕ್ರಿಯಾಪದದಲ್ಲಿ ಮಾತ್ರ ಬಾಗಿಲು ಹಾಕಿದೆ. ‘ಡಿಸ್ಕಸ್ ಅಬೌಟ್’ ಭಾರತದಲ್ಲಷ್ಟೇ ಅಲ್ಲ, ಸಿಂಗಪುರ, ನೈಜೀರಿಯಗಳ ಇಂಗ್ಲಿಷಿನಲ್ಲೂ ಓಡಾಡುತ್ತದೆ. ಶ್ರೀನಗರದಲ್ಲಿ ಹುಟ್ಟಿ ಇಲಿನಾಯ್‌ನಲ್ಲಿ ಪಾಠ ಮಾಡಿದ ಬ್ರಜ್ ಕಚ್ರು, ಇಂಥ ಬಳಕೆಗಳನ್ನು ತಪ್ಪುಗಳೆಂದು ಎಣಿಸುವ ಬದಲು ಭಾರತೀಯ ಇಂಗ್ಲಿಷಿನ ಲಕ್ಷಣಗಳಾಗಿ ನೋಡಬೇಕೆಂದು ಜೀವನವಿಡೀ ವಾದಿಸಿದರು. ಜಯ್‌ಬ್ರತೊ ಮುಖರ್ಜಿ ಮತ್ತು ಸೆಬಾಸ್ಟಿಯನ್ ಹಾಫ್‌ಮನ್ 2006ರಲ್ಲಿ ‘ದ ಸ್ಟೇಟ್ಸ್‌ಮನ್’ ಪತ್ರಿಕೆಯ ಬರಹಗಳನ್ನು ಪರಿಶೀಲಿಸಿ, ‘ಇನ್‌ಫಾರ್ಮ್’, ‘ಗಿಫ್ಟ್’ ಮುಂತಾದ ಕ್ರಿಯಾಪದಗಳಿಗೆ ಬ್ರಿಟಿಷ್ ಇಂಗ್ಲಿಷ್ ಒಪ್ಪದ ಜೋಡಿ ಕರ್ಮಗಳನ್ನು ಭಾರತೀಯರು ಸಲೀಸಾಗಿ ಹಚ್ಚುವುದನ್ನು ತೋರಿಸಿದರು.

ಆದ್ದರಿಂದ ‘ಡಿಸ್ಕಸ್ ಅಬೌಟ್’ಗಾಗಿ ಒಬ್ಬ ಸಂಶೋಧಕಿಯ ಪ್ರಬಂಧವನ್ನು ಕೀಳಾಗಿ ಕಾಣುವುದು ನ್ಯಾಯವಲ್ಲ. ಅಂತರರಾಷ್ಟ್ರೀಯ ಪತ್ರಿಕೆಗೆ ಕಳಿಸುವಾಗ ‘ಅಬೌಟ್’ ತೆಗೆಯಬೇಕು, ಅಷ್ಟೇ. ಆ ಕೆಲಸವನ್ನು ಇಂದು ಮೊಬೈಲಿನಲ್ಲಿರುವ ವ್ಯಾಕರಣ ತಿದ್ದುವ ಆ್ಯಪ್ ಕೂಡ ಮಾಡುತ್ತದೆ. ಯಾವ ಆ್ಯಪೂ ತಿದ್ದಲಾಗದ, ಮಾರ್ಗದರ್ಶಕರ ಕಣ್ಣಿಗೂ ಬೀಳದೆ ಜಾರುವ ತಪ್ಪು ಇನ್ನೊಂದಿದೆ. ಅದು ಕ್ರಿಯಾಪದದ ನಂತರದ ಪದದಲ್ಲಿಲ್ಲ, ಕ್ರಿಯಾಪದದ ಆಯ್ಕೆಯಲ್ಲೇ ಇದೆ.

ಒಬ್ಬ ವಿಜ್ಞಾನಿ ಏನನ್ನೋ ‘ಶೋ’ ಮಾಡಿದರು ಎಂದು ಬರೆದರೆ, ಬರೆಯುವವರೂ ಅದನ್ನು ನಿಜವೆಂದು ಒಪ್ಪಿದಂತೆ. ‘ಕ್ಲೇಮ್’ ಮಾಡಿದರು ಎಂದರೆ ಒಪ್ಪಿಗೆಯಿಲ್ಲ, ಅನುಮಾನದ ವಾಸನೆಯೂ ಇದೆ. ‘ಅಡ್ಮಿಟ್’ ಎಂದರೆ ಅವರು ಮುಚ್ಚಿಡಲು ಬಯಸಿದ್ದನ್ನು ಒಪ್ಪಿಕೊಂಡಂತೆ. ‘ಸ್ಟೇಟ್’ ಯಾವ ಪಕ್ಷವನ್ನೂ ವಹಿಸುವುದಿಲ್ಲ. ಜೆಫ್ ಥಾಮ್ಸನ್ ಮತ್ತು ಯೀ ಯಿಯುನ್ 1991ರಲ್ಲಿ ಪ್ರಕಟಿಸಿದ, ಇಂದಿಗೂ ಉಲ್ಲೇಖವಾಗುವ ಲೇಖನ ಇದನ್ನೇ ಬಿಡಿಸಿಟ್ಟಿತು: ಬೇರೆಯವರ ಮಾತನ್ನು ವರದಿ ಮಾಡುವ ನೆಪದಲ್ಲಿ ಬರೆಯುವವರು ತಮ್ಮ ತೀರ್ಪನ್ನೂ ಕ್ರಿಯಾಪದದೊಳಗೆ ಸೇರಿಸಿಬಿಡುತ್ತಾರೆ.

ಕನ್ನಡ ಬಲ್ಲವರಿಗೆ ಈ ಸೂಕ್ಷ್ಮ ಹೊಸದೇನೂ ಅಲ್ಲ. ‘ಅವರು ಹೇಳಿದ್ದಾರೆ’ ಎನ್ನುವುದಕ್ಕೂ ‘ಅವರು ಹೇಳಿಕೊಂಡಿದ್ದಾರೆ’ ಎನ್ನುವುದಕ್ಕೂ ಇರುವ ಅಂತರ ಹಳ್ಳಿಯ ಅಜ್ಜಿಗೂ ಗೊತ್ತು. ಒಂದು ‘ಕೊಳ್ಳು’ ಸೇರಿದರೆ ಮಾತಿನ ಹೊಣೆ ಪೂರ್ತಿ ಹೇಳಿದವರ ತಲೆಗೆ ಹೋಗುತ್ತದೆ. ‘ಸಮರ್ಥಿಸಿದರು’, ‘ಸಮರ್ಥಿಸಿಕೊಂಡರು’ ಎಂಬ ಜೋಡಿಯೂ ಹಾಗೆಯೇ. ‘ಮಳೆ ಬಂದಿದೆ’ ಎನ್ನುವ ಬದಲು ‘ಮಳೆ ಬಂದಿದೆಯಂತೆ’ ಎಂದರೆ ಕಣ್ಣಾರೆ ಕಂಡಿಲ್ಲ ಎಂಬ ರಸೀದಿ ಜೊತೆಗೇ ಸಿಗುತ್ತದೆ. ‘ಅಂತೆ’ಗೆ ಸಮನಾದ ಪ್ರತ್ಯಯ ಇಂಗ್ಲಿಷಿನಲ್ಲಿಲ್ಲ, ಆ ಭಾರವನ್ನು ‘ಕ್ಲೇಮ್’, ‘ಸಜೆಸ್ಟ್’, ‘ಅಲೆಜ್’ಗಳು ಹೊರುತ್ತವೆ. ‘ಹೇಳಿಕೊಂಡರು’ ಎನ್ನುವ ಕಡೆ ‘ಕ್ಲೇಮ್’ ಬಳಸಬಹುದು ಎಂದು ಕನ್ನಡದಲ್ಲೇ ಹೇಳಿಕೊಟ್ಟರೆ ಐದು ನಿಮಿಷದಲ್ಲಿ ಮುಗಿಯುವ ಪಾಠವನ್ನು, ಕನ್ನಡ ಬಾಯಿಗೆ ಬರಕೂಡದ ತರಗತಿಯಲ್ಲಿ ಒಂದು ವರ್ಷ ಎಳೆದರೂ ತಲುಪಿಸಲಾಗದು.

ಈ ತೂಕ ಅಲಂಕಾರದ ವಿಷಯವೂ ಅಲ್ಲ. 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನು ಲೋಕದ ಮುಂದಿಟ್ಟಾಗ ಮೊದಲ ವಾಕ್ಯದಲ್ಲಿ ಆರಿಸಿಕೊಂಡ ಕ್ರಿಯಾಪದ ‘ಸಜೆಸ್ಟ್’, ಅದರ ನಂತರ ನೇರ ಒಂದು ನಾಮಪದ. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿ ಐಪಿಸಿಸಿ, 1995ರ ನವೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದಾಗ ಹವಾಮಾನದ ಮೇಲೆ ಮನುಷ್ಯನ ಪ್ರಭಾವ ಎಷ್ಟು ಎಂದು ಹೇಳುವ ಒಂದೇ ವಾಕ್ಯಕ್ಕಾಗಿ ಸರ್ಕಾರಗಳ ಪ್ರತಿನಿಧಿಗಳು ಪದಪದಕ್ಕೂ ಜಗ್ಗಾಡಿದರು. ಕೊನೆಗೆ ಒಪ್ಪಿತವಾದ ವಾಕ್ಯ, ಸಾಕ್ಷ್ಯಗಳ ಒಟ್ಟು ತೂಕ ಗುರುತಿಸಬಹುದಾದ ಪ್ರಭಾವವನ್ನು ‘ಸಜೆಸ್ಟ್’ ಮಾಡುತ್ತದೆ ಎಂದಿತು. 2007ರ ವರದಿಯಲ್ಲಿ ಆ ಪ್ರಭಾವ ‘ವೆರಿ ಲೈಕ್ಲಿ’, 2013ರದ್ದರಲ್ಲಿ ‘ಎಕ್ಸ್‌ಟ್ರೀಮ್ಲಿ ಲೈಕ್ಲಿ’. 2021ರಲ್ಲಿ ಅದು ನಿಸ್ಸಂದಿಗ್ಧ ಎಂದು ಸಮಿತಿ ಸಾರಿತು. 1995ರ ವರದಿಯನ್ನು ಉಲ್ಲೇಖಿಸುವ ವಿದ್ಯಾರ್ಥಿ ‘ಐಪಿಸಿಸಿ ಪ್ರೂವ್ಡ್’ ಎಂದು ಬರೆದರೆ ವ್ಯಾಕರಣ ಅಚ್ಚುಕಟ್ಟು, ಇತಿಹಾಸ ಸುಳ್ಳು.

ಇಲ್ಲಿಗೆ ವಿಶ್ವವಿದ್ಯಾಲಯಗಳ ಪಾತ್ರ ಬರುತ್ತದೆ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದಿತು. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆ ಇಲ್ಲ. ಅದನ್ನು ದಾಟಿ ಶೇ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 60 ಮೀರಿದರೆ ನೋಂದಣಿಯೇ ರದ್ದು. ನಿಯಮದ ಉದ್ದೇಶ ಒಳ್ಳೆಯದೇ. ಆದರೆ ಸಂಶೋಧಕರ ಪಾಲಿಗೆ ಬರವಣಿಗೆಯೆಂದರೆ ಸಾಫ್ಟ್‌ವೇರ್ ತೋರಿಸುವ ಆ ಒಂದು ಅಂಕಿಯನ್ನು ಇಳಿಸುವ ಕಸರತ್ತು ಎನ್ನುವಂತಾಗಿದೆ. ಇಳಿಸುವ ಸುಲಭ ಉಪಾಯ ಪದ ಬದಲಾಯಿಸುವುದು. ನೂರಾರು ರಿಪೋರ್ಟಿಂಗ್ ವರ್ಬ್‌ಗಳ ಪಿಡಿಎಫ್ ಪಟ್ಟಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಮೂಲದಲ್ಲಿ ‘ಸ್ಟೇಟ್’ ಇದ್ದರೆ ‘ಕ್ಲೇಮ್’, ‘ಫೈಂಡ್’ ಇದ್ದರೆ ‘ಪ್ರೂವ್’, ‘ನೋಟ್’ ಇದ್ದರೆ ‘ಅಡ್ಮಿಟ್’. ಹೋಲಿಕೆ ತಗ್ಗುತ್ತದೆ, ಜೊತೆಗೆ ಹಿಂದಿನ ವಿದ್ವಾಂಸರು ಹೇಳದೇ ಇದ್ದುದನ್ನು ಅವರ ಬಾಯಿಗೆ ತುರುಕಿದಂತೆಯೂ ಆಗುತ್ತದೆ. ನಕಲನ್ನು ತಡೆಯಲು ಹೋಗಿ ತಪ್ಪು ಸಾಕ್ಷ್ಯಕ್ಕೆ ದಾರಿ ಮಾಡಿಕೊಟ್ಟಂತಾಗಿದೆ.

ಈ ದಾರಿಯಲ್ಲಿ ಕೊನೆಯವರೆಗೂ ಹೋದವರ ಕಥೆ 2021ರಲ್ಲಿ ಬಯಲಾಯಿತು. ಫ್ರಾನ್ಸಿನ ಗಿಯೋಂ ಕಬನಾಕ್ ಮತ್ತು ಸಂಗಡಿಗರು, ಪದ ಬದಲಾಯಿಸುವ ತಂತ್ರಾಂಶಕ್ಕೆ ಸಿಕ್ಕಿ ನಜ್ಜುಗುಜ್ಜಾದ ನುಡಿಗಟ್ಟುಗಳನ್ನು ವೈಜ್ಞಾನಿಕ ಲೇಖನಗಳಲ್ಲಿ ಪತ್ತೆ ಹಚ್ಚಿದರು. ಬ್ರೆಸ್ಟ್ ಕ್ಯಾನ್ಸರ್ ‘ಬೋಸಮ್ ಪೆರಿಲ್’ ಆಗಿತ್ತು. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ‘ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್’. ನಾಮಪದ ಹೀಗೆ ಕೆಟ್ಟಾಗ ಓದುಗರು ನಗುತ್ತಾರೆ, ಪತ್ತೆದಾರರಿಗೆ ಸುಳಿವು ಸಿಗುತ್ತದೆ. ‘ಫೈಂಡ್’ ಹೋಗಿ ‘ಪ್ರೂವ್’ ಬಂದಾಗ ಯಾರಿಗೂ ನಗು ಬರುವುದಿಲ್ಲ, ಗೊತ್ತೂ ಆಗುವುದಿಲ್ಲ.

ಈಗಂತೂ ಚಾಟ್‌ಜಿಪಿಟಿ ಇದೆ, ರಚನೆಯ ತಪ್ಪುಗಳೆಲ್ಲ ಹಿಂದಿನ ಕಾಲದ ಮಾತು ಎನ್ನುವವರಿದ್ದಾರೆ. ಅರ್ಧ ಸತ್ಯ. ಕ್ರಿಯಾಪದದ ನಂತರ ಏನು ಬರಬೇಕೋ ಅದನ್ನು ಯಂತ್ರ ಬಹುಮಟ್ಟಿಗೆ ಸರಿಯಾಗಿಯೇ ಹಾಕುತ್ತದೆ. ಆದರೆ ಅದು ತನ್ನ ಅಭಿರುಚಿಯನ್ನೂ ಹೇರುತ್ತದೆ. ಜರ್ಮನಿಯ ಟ್ಯೂಬಿಂಗನ್‌ನ ಡ್ಮಿಟ್ರಿ ಕೋಬಕ್ ಮತ್ತು ಸಂಗಡಿಗರು ವೈದ್ಯಕೀಯ ಲೇಖನಗಳ ಭಂಡಾರ ಪಬ್‌ಮೆಡ್‌ನ ಕೋಟಿಗೂ ಹೆಚ್ಚು ಲೇಖನ ಸಾರಾಂಶಗಳನ್ನು ಪರಿಶೀಲಿಸಿದಾಗ, 2024ರಲ್ಲಿ ‘ಡೆಲ್ವ್ಸ್’, ‘ಅಂಡರ್‌ಸ್ಕೋರ್ಸ್’, ‘ಶೋಕೇಸಿಂಗ್’ ಎಂಬ ಪದಗಳು ಏಕಾಏಕಿ ಏರಿದ್ದು ಕಂಡಿತು. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಸಾರಾಂಶಗಳಿಗೆ ಯಂತ್ರದ ಕೈ ತಗುಲಿದೆ ಎಂಬುದು ಅವರ ಅಂದಾಜು. ಕೋವಿಡ್ ವರ್ಷಗಳಲ್ಲಿ ಏರಿದ್ದು ಮುಖ್ಯವಾಗಿ ರೋಗಕ್ಕೆ ಸಂಬಂಧಿಸಿದ ನಾಮಪದಗಳು. ಈ ಸಲ ಏರಿದ್ದರಲ್ಲಿ ಹೆಚ್ಚಿನವು ಕ್ರಿಯಾಪದಗಳು. ಹಿಂದಿನ ಸಂಶೋಧನೆ ಒಂದು ಸಂಗತಿಯನ್ನು ತಿಳಿಸಿತೋ, ಸೂಚಿಸಿತೋ, ಸಾಬೀತುಪಡಿಸಿತೋ ಎಂದು ನಿರ್ಧರಿಸಲು ಆ ಲೇಖನವನ್ನು ಓದಿರಬೇಕು. ಓದದೆ ಯಂತ್ರಕ್ಕೆ ಕೊಟ್ಟರೆ ಅದು ಎಲ್ಲವನ್ನೂ ‘ಅಂಡರ್‌ಸ್ಕೋರ್’ ಮಾಡಿ ಕೊಡುತ್ತದೆ.

ಹಾಗಾದರೆ ಏನು ಕಲಿಸಬೇಕು? ಕೆನ್ ಹೈಲಂಡ್ 1999ರಲ್ಲಿ ಎಂಟು ಜ್ಞಾನಶಾಖೆಗಳ 80 ಲೇಖನಗಳನ್ನು ಹೋಲಿಸಿದ್ದರು. ತತ್ವಶಾಸ್ತ್ರದವರು ‘ಸೇ’, ‘ಆರ್ಗ್ಯೂ’, ‘ಕ್ಲೇಮ್’ಗಳಲ್ಲಿ ಮಾತಾಡಿದರೆ ಜೀವವಿಜ್ಞಾನಿಗಳು ‘ಡಿಸ್ಕ್ರೈಬ್’, ‘ಫೈಂಡ್’, ‘ರಿಪೋರ್ಟ್’ ಬಳಸುತ್ತಿದ್ದರು. ವಿಷಯಕ್ಕೊಂದು ವಾಡಿಕೆ ಇದೆ ಎಂದಾದ ಮೇಲೆ ಎಲ್ಲರಿಗೂ ಒಂದೇ ಉದ್ದದ ಪಟ್ಟಿ ಹಂಚುವುದರಲ್ಲಿ ಅರ್ಥವಿಲ್ಲ. ಕಾಲದ ವಿಷಯದಲ್ಲೂ ಹೀಗೆಯೇ: ಮನೋವಿಜ್ಞಾನದವರ ಎಪಿಎ ಶೈಲಿ ಹಿಂದಿನ ಸಂಶೋಧನೆಯನ್ನು ಭೂತಕಾಲದಲ್ಲಿ ಹೇಳು ಎನ್ನುತ್ತದೆ, ಸಾಹಿತ್ಯದವರ ಎಂಎಲ್‌ಎ ಶೈಲಿ ವರ್ತಮಾನದಲ್ಲಿ ಹೇಳು ಎನ್ನುತ್ತದೆ. ತನ್ನ ವಿಷಯದಲ್ಲಿ ನಿತ್ಯ ಓಡಾಡುವ ಹನ್ನೆರಡು ಕ್ರಿಯಾಪದಗಳು, ಪ್ರತಿಯೊಂದರ ನಂತರ ಬರುವ ರಚನೆ, ಪ್ರತಿಯೊಂದರ ತೂಕ ಇವಿಷ್ಟು ಗಟ್ಟಿಯಾದರೆ ಒಂದು ಪ್ರಬಂಧಕ್ಕೆ ಸಾಕು. ಅದೇ ‘ಆರ್ಗ್ಯೂ’ ಮೂರು ಸಲ ಬಂದರೆ ಪರೀಕ್ಷಕರು ಅಂಕ ಕಳೆಯಬಾರದು ಎಂಬ ತಿಳಿವಳಿಕೆಯೂ ಜೊತೆಗಿರಬೇಕು.

ಇದಕ್ಕೆ ಹೊಸ ಇಲಾಖೆ, ಹೊಸ ಅನುದಾನ ಯಾವುದೂ ಬೇಕಿಲ್ಲ. ಪಿಎಚ್‌ಡಿ ಕೋರ್ಸ್‌ವರ್ಕ್‌ನಲ್ಲಿ ಸಂಶೋಧನೆ ಮತ್ತು ಪ್ರಕಟಣಾ ನೀತಿಯ ಎರಡು ಕ್ರೆಡಿಟ್‌ಗಳ ಪಾಠವನ್ನು ಯುಜಿಸಿ 2019ರಲ್ಲೇ ಕಡ್ಡಾಯ ಮಾಡಿದೆ. ಬೇರೆಯವರ ಮಾತನ್ನು ಅವರು ಹೇಳಿದಷ್ಟೇ ತೂಕದಲ್ಲಿ ದಾಟಿಸುವುದು ಆ ನೀತಿಯ ಮೊದಲ ಪಾಠವಾಗಬೇಕಿತ್ತು. ಅದರಲ್ಲಿ ಒಂದೆರಡು ತರಗತಿಗಳನ್ನು ಇದಕ್ಕೆ ಮೀಸಲಿಡಬಹುದು. ವಿದ್ಯಾರ್ಥಿಗಳು ತಮ್ಮ ವಿಷಯದ ಒಳ್ಳೆಯ ಲೇಖನಗಳನ್ನು ತಂದು ರಿಪೋರ್ಟಿಂಗ್ ವರ್ಬ್‌ಗಳಿಗೆ ಗೆರೆ ಎಳೆಯಲಿ. ನಂತರ ಏನಿದೆ ಎಂದು ನೋಡಲಿ, ಅದೇ ವಾಕ್ಯವನ್ನು ಕನ್ನಡದಲ್ಲಿ ಬರೆದು ಎಲ್ಲಿ ‘ಹೇಳಿದರು’, ಎಲ್ಲಿ ‘ಹೇಳಿಕೊಂಡರು’ ಎಂದು ಚರ್ಚಿಸಲಿ. ಶೋಧಗಂಗಾ ಭಂಡಾರದಲ್ಲಿ ನಮ್ಮದೇ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಹೆಸರು ಮುಚ್ಚಿ ಅವುಗಳ ವಾಕ್ಯಗಳನ್ನು ತಿದ್ದುವ ಅಭ್ಯಾಸ ಮಾಡಿಸಬಹುದು. 1963ರಿಂದ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ತರಬೇತಿ ಕೊಡುತ್ತಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿದೆ. ಕನ್ನಡ, ತಮಿಳು, ತೆಲುಗು, ಮಲಯಾಳಂ ನಾಲ್ಕರಲ್ಲೂ ‘ಎಂದು’ವಿನಂಥ ಪದ ಇರುವುದರಿಂದ, ಆ ನಾಲ್ಕು ಭಾಷೆಗಳಿಂದ ಬರುವವರಿಗಾಗಿಯೇ ಒಂದು ಕಿರು ಕೈಪಿಡಿ ಸಿದ್ಧಪಡಿಸಲು ಅದಕ್ಕಿಂತ ತಕ್ಕ ಜಾಗ ಬೇರೊಂದಿಲ್ಲ. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಅದನ್ನು ಕೇಳಿ ಪಡೆದು, ಮುಂದಿನ ಕೋರ್ಸ್‌ವರ್ಕ್ ತಂಡಗಳಿಗೆ ಹಂಚಬೇಕು.